ಹಳೆಯ ಕಂಪ್ಯೂಟರಿಗೆ ಹೊಸ ಪ್ರೊಸೆಸರು

ಒಂದು ವಸ್ತು ಹಳೆಯದಾಯಿತೆಂದು ನಿರ್ಣಯಿಸುವ ಅಧಿಕಾರ ಯಾರದು? ನಮ್ಮ ಮನೆಯಲ್ಲಿ ತಾತನ ಕಾಲದ ಅಡಕತ್ತರಿಯೊಂದಿದೆ. ಅದರ ಹಿಡಿ ಸವೆದಿದೆ, ಅಲಗು ತೆಳುವಾಗಿದೆ. ಆದರೂ ಅಡಿಕೆ ಕತ್ತರಿಸುವ ಕೆಲಸದಲ್ಲಿ ಅದು ಇಂದಿಗೂ ಹಿಂದೆ ಬಿದ್ದಿಲ್ಲ. ಅದನ್ನು ನಾವು ಹಳೆಯದೆನ್ನುವುದಿಲ್ಲ, ‘ತಾತನದು’ ಎನ್ನುತ್ತೇವೆ. ಅದೇ ಮನೆಯ ಇನ್ನೊಂದು ಮೂಲೆಯಲ್ಲಿ 2017ರಲ್ಲಿ ಕೊಂಡ ಕಂಪ್ಯೂಟರೊಂದಿದೆ. ಅದಕ್ಕಿನ್ನೂ ಹತ್ತು ತುಂಬಿಲ್ಲ. ಆದರೆ ಅದರ ಮಾತು ಬಂದಾಗಲೆಲ್ಲ ಮನೆಯವರು ದನಿ ತಗ್ಗಿಸಿ, ಹಾಸಿಗೆ ಹಿಡಿದ ಹಿರಿಯರೊಬ್ಬರ ವಿಚಾರ ಆಡುವಂತೆ ಆಡುತ್ತಾರೆ.

ಕುಂಸಿಯಲ್ಲಿ ಕನ್ನಡ ಪಾಠ ಹೇಳಿಕೊಂಡಿರುವ ನನಗೆ ಈ ಯಂತ್ರಗಳ ವಿಷಯದಲ್ಲಿ ಮಾತನಾಡುವ ಅರ್ಹತೆ ಏನಿದೆ ಎಂದು ಓದುಗರು ಕೇಳಿದರೆ ತಪ್ಪಿಲ್ಲ. ಹಣ ಕೊಡಬೇಕಾದವನು ನಾನು ಎಂಬುದೊಂದೇ ನನ್ನ ಅರ್ಹತೆ. ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ವಿಚಾರ ಯಂತ್ರಶಾಸ್ತ್ರಕ್ಕೆ ಸೇರಿದ್ದಕ್ಕಿಂತ ಗೃಹಸ್ಥಧರ್ಮಕ್ಕೆ ಸೇರಿದ್ದೇ ಹೆಚ್ಚು.

ಈ ಯಂತ್ರ ನಮ್ಮ ಹಿರಿಯ ಮಗನದು. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದೊಂದೇ ಬಿಡಿಭಾಗ ಕೊಂಡು ತಂದು ತಾನೇ ಜೋಡಿಸಿದ್ದು. ಅದರ ಪ್ರೊಸೆಸರು ಎಎಂಡಿ ಕಂಪನಿಯ ರೈಜೆನ್ 3 1200, ನಾಲ್ಕು ತಿರುಳುಗಳದ್ದು. ಚಿತ್ರ ಬಿಡಿಸುವುದಕ್ಕೆ ಬೇರೊಂದು ಗ್ರಾಫಿಕ್ಸ್ ಕಾರ್ಡ್. ಹದಿನಾರು ಜಿಬಿ ಮೆಮೊರಿ. ಓದು ಮುಗಿಸಿ ಅವನು ಬೆಂಗಳೂರಿನ ನೌಕರಿಗೆ ಹೋದ. ಯಂತ್ರ ಪಿಯುಸಿ ಓದುವ ತಮ್ಮನ ಪಾಲಿಗೆ ಬಂತು. ಅವನು ಅದರಲ್ಲಿ ಓದುತ್ತಾನೆ, ಆಡುತ್ತಾನೆ. ಯಾವುದು ಹೆಚ್ಚು ಎಂಬ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಕೇಳುವುದಿಲ್ಲ.

2025ರ ದೀಪಾವಳಿಗೆ ಹಿರಿಯವನು ಬಂದಾಗ ಈ ಸಮಸ್ಯೆ ಊಟದ ಎಲೆಯ ಮುಂದೆ ಎದ್ದು ನಿಂತಿತು. ಪ್ರೊಸೆಸರು ಬದಲಾಯಿಸಿದರೆ ಸಾಕೆಂದು ಕಿರಿಯವನ ವಾದ. “ಹಳೆ ಗಾಡಿಗೆ ಹೊಸ ಎತ್ತು ಯಾಕೆ? ನಾನೇ ಇಡೀ ಯಂತ್ರ ಹೊಸದು ಕೊಡಿಸುತ್ತೇನೆ, ಅಪ್ಪ” ಎಂದು ಹಿರಿಯವನ ಔದಾರ್ಯ. “ಮಾರ್ಚಿನ ಪರೀಕ್ಷೆ ಮುಗಿಯುವ ತನಕ ಎರಡೂ ಬೇಡ” ಎಂದು ಅವರ ತಾಯಿಯ ತೀರ್ಪು. ಮೂವರ ಮಾತಿನಲ್ಲೂ ನ್ಯಾಯವಿತ್ತು. ನಾನು ಮೇಷ್ಟರ ಹಳೆಯ ಉಪಾಯವನ್ನು ಹೂಡಿದೆ: “ನೋಡೋಣ” ಎಂದೆ.

ನೋಡುವುದೆಂದರೆ ಏನು ಎಂಬುದನ್ನು ಮಾತ್ರ ನಾನು ಆಮೇಲೆ ಕಲಿತೆ. ಆಟ ಆಡುವಾಗ ಪ್ರೊಸೆಸರಿನ ಕೆಲಸವೇನು, ಗ್ರಾಫಿಕ್ಸ್ ಕಾರ್ಡಿನ ಕೆಲಸವೇನು ಎಂದು ಮಗನನ್ನು ಕೇಳಿದೆ. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಯಕ್ಷಗಾನಕ್ಕೆ ತರ್ಜುಮೆ ಮಾಡಿಕೊಂಡೆ. ಚೌಕಿಯಲ್ಲಿ ಬಣ್ಣ, ಕಿರೀಟ, ಆಭರಣ ಎಲ್ಲ ಸಿದ್ಧವಾಗಿರಬಹುದು. ಆದರೆ ಭಾಗವತರು ಪದ ಎತ್ತದೆ ವೇಷ ಹೆಜ್ಜೆ ಹಾಕುವಂತಿಲ್ಲ. ಮುಂದೆ ಯಾರು ಬರಬೇಕು, ಯಾರು ಸಾಯಬೇಕು, ಯುದ್ಧ ಎಷ್ಟು ಹೊತ್ತು ಎಂಬುದೆಲ್ಲ ಅವರ ಕೈಯ ತಾಳದಲ್ಲಿದೆ. ಪ್ರೊಸೆಸರು ಈ ಭಾಗವತ. ಗ್ರಾಫಿಕ್ಸ್ ಕಾರ್ಡು ಚೌಕಿ. ಪರದೆಯ ಮೇಲೆ ಸೆಕೆಂಡಿಗೆ ಅರವತ್ತು ಚಿತ್ರ ಬಿದ್ದರೆ ಕಣ್ಣಿಗೆ ಚಲನೆ ನುಣುಪಾಗಿ ಕಾಣುತ್ತದೆ. ಅಂದರೆ ಒಂದೊಂದು ಚಿತ್ರಕ್ಕೆ ಸಿಗುವ ಕಾಲ ಸುಮಾರು 17 ಮಿಲಿಸೆಕೆಂಡು. ಅಷ್ಟರೊಳಗೆ ಭಾಗವತರ ಪದವೂ ಮುಗಿಯಬೇಕು, ಚೌಕಿಯ ಬಣ್ಣವೂ ಮುಗಿಯಬೇಕು. ಇಬ್ಬರಲ್ಲಿ ಒಬ್ಬರು ತಡಮಾಡಿದರೂ ಆಟ ಎಡವುತ್ತದೆ. ತಡ ಮಾಡುತ್ತಿರುವವರು ಯಾರು ಎಂದು ತಿಳಿಯದೆ ಅಂಗಡಿಗೆ ಓಡುವುದು, ಭಾಗವತರ ಗಂಟಲು ಕಟ್ಟಿದ್ದಕ್ಕೆ ಹೊಸ ಕಿರೀಟ ಮಾಡಿಸಿದಂತೆ.

ಇದನ್ನು ಕಂಡುಹಿಡಿಯುವ ಪರೀಕ್ಷೆ ಬಹಳ ಸರಳವಾದದ್ದು; ದುಡ್ಡು ಬೇಕಿಲ್ಲ. ಆಟದ ಚಿತ್ರದ ಸೂಕ್ಷ್ಮತೆಯನ್ನು ತಗ್ಗಿಸಿ ನೋಡಬೇಕು. ಚಿತ್ರ ಒರಟಾದಾಗ ಚೌಕಿಯ ಕೆಲಸ ಕಡಿಮೆಯಾಗುತ್ತದೆ. ಭಾಗವತರ ಕೆಲಸ ಅಷ್ಟೇ ಇರುತ್ತದೆ. ಆಗ ಆಟದ ವೇಗ ಹೆಚ್ಚಿದರೆ ತಡ ಗ್ರಾಫಿಕ್ಸ್ ಕಾರ್ಡಿನದು. ಹೆಚ್ಚದಿದ್ದರೆ ಪ್ರೊಸೆಸರಿನದು. ನಮ್ಮ ಹುಡುಗ ಆಡುವ ಮೂರು ಆಟಗಳನ್ನು ಹೀಗೆ ಪರೀಕ್ಷಿಸಿದೆವು. ಎರಡರಲ್ಲಿ ವೇಗ ಏರಿತು. ಅಂದರೆ ಆ ಎರಡಕ್ಕೆ ಹೊಸ ಪ್ರೊಸೆಸರಿನಿಂದ ಕವಡೆಯಷ್ಟೂ ಪ್ರಯೋಜನವಿಲ್ಲ. ಮೂರನೆಯದಾದ ‘ಏಜ್ ಆಫ್ ಎಂಪೈರ್ಸ್’ನ ಎರಡನೆಯ ಆಟದಲ್ಲಿ ಮಾತ್ರ, ಎಂಟು ಜನ ಸೇರಿ ಸಾವಿರಾರು ಸೈನಿಕರನ್ನು ಬೀದಿಗಿಳಿಸಿದ ಹೊತ್ತಿಗೆ, ಸೆಕೆಂಡಿಗೆ 28 ಚಿತ್ರ ಬರುತ್ತಿದ್ದುದು ಸೂಕ್ಷ್ಮತೆ ತಗ್ಗಿಸಿದರೂ 29ರ ಮೇಲೆ ಹೋಗಲಿಲ್ಲ. ಅಪರಾಧಿ ಸಿಕ್ಕಿಬಿದ್ದ.

ಆದರೆ ಅಪರಾಧಿ ಸಿಕ್ಕಿದ ಕೂಡಲೆ ಶಿಕ್ಷೆ ವಿಧಿಸುವುದು ಧರ್ಮವಲ್ಲ. ಅವನನ್ನು ನಾವು ಹೇಗೆ ನಡೆಸಿಕೊಂಡಿದ್ದೇವೆ ಎಂಬುದನ್ನೂ ವಿಚಾರಿಸಬೇಕು. ಪೆಟ್ಟಿಗೆ ಬಿಚ್ಚಿದೆವು. ನಮ್ಮ ಊರಿನ ಕೆಂಪು ಧೂಳು, ಮಳೆಗಾಲದ ತೇವ ಕುಡಿದು ಗಟ್ಟಿಯಾಗಿ, ಪ್ರೊಸೆಸರಿನ ಮೇಲಿನ ಫ್ಯಾನಿಗೆ ಕಂಬಳಿ ಹೊದಿಸಿದ ಹಾಗೆ ಕೂತಿತ್ತು. ಬಿಸಿಯಾದ ಪ್ರೊಸೆಸರು ತನ್ನನ್ನು ತಾನು ಉಳಿಸಿಕೊಳ್ಳುವುದಕ್ಕೆ ವೇಗ ತಗ್ಗಿಸಿಕೊಳ್ಳುತ್ತದೆ. ಮನುಷ್ಯನಿಗಿಲ್ಲದ ವಿವೇಕ ಅದಕ್ಕಿದೆ. ಇನ್ನೊಂದು ಸಂಗತಿ ಇದಕ್ಕಿಂತ ನಾಚಿಕೆಯದು. 3000ದ ವೇಗಕ್ಕೆಂದು ಕೊಂಡ ಮೆಮೊರಿ ಮೊದಲ ದಿನದಿಂದಲೂ 2133ರಲ್ಲಿಯೇ ನಡೆಯುತ್ತಿತ್ತು. ಬಯಾಸ್ ಎಂಬ ಮೂಲ ವ್ಯವಸ್ಥೆಯಲ್ಲಿ ಒಂದು ಆಯ್ಕೆಯನ್ನು ಒತ್ತಬೇಕಾಗಿತ್ತು, ಒತ್ತಿರಲಿಲ್ಲ. ಎಂಟು ವರ್ಷ ನಾವು ಕೊಂಡದ್ದನ್ನು ಬಳಸದೆ, ಸಾಲದೆಂದು ದೂರುತ್ತಿದ್ದೆವು. ಧೂಳು ಒರೆಸಿ, ಒಣಗಿದ ಲೇಪ ತೆಗೆದು ಹೊಸದು ಹಚ್ಚಿ, ಮೆಮೊರಿಯ ವೇಗ ಸರಿಪಡಿಸಿದ ಮೇಲೆ 28 ಇದ್ದದ್ದು 33 ಆಯಿತು. ಖರ್ಚು ಒಂದು ಸಣ್ಣ ಲೇಪದ ಕೊಳವೆಯದು ಮಾತ್ರ. ಹೊಸದನ್ನು ಬಯಸುವ ಮುನ್ನ ಇರುವುದನ್ನು ಪೂರ್ತಿ ಬಳಸಿದ್ದೇವೆಯೆ ಎಂಬ ಪ್ರಶ್ನೆಯನ್ನು ನಾನು ಮಕ್ಕಳಿಗೆ ಪಾಠದಲ್ಲಿ ಎಷ್ಟೋ ಸಲ ಹೇಳಿರಬಹುದು. ಅದು ನಿಜವೆಂದು ನನಗೆ ಗೊತ್ತಾದದ್ದು ಅಂದು.

ಆದರೂ 33 ಸಾಲದು. ಇಲ್ಲಿಂದ ಮುಂದೆ ಎರಡು ದಾರಿ. ನಮ್ಮ ಯಂತ್ರದ ಪ್ರೊಸೆಸರು ಕೂರುವ ಪೀಠಕ್ಕೆ ಎಎಂ4 ಎಂದು ಹೆಸರು. ಈ ಪೀಠದ ಭಾಗ್ಯವೇನೆಂದರೆ, 2016ರಲ್ಲಿ ಬಂದ ಇದಕ್ಕೆ ಕಂಪನಿ ವರ್ಷಗಟ್ಟಲೆ ಹೊಸ ಪ್ರೊಸೆಸರುಗಳನ್ನು ತಯಾರಿಸುತ್ತ ಹೋಯಿತು. 2022ರ ಏಪ್ರಿಲಿನಲ್ಲಿ ಬಂದ ರೈಜೆನ್ 5 5600 ನಮ್ಮ ಹಳೆಯ ಬೋರ್ಡಿನ ಮೇಲೂ ಕೂರುತ್ತದೆ. ನಾಲ್ಕಕ್ಕೆ ಬದಲು ಆರು ತಿರುಳು. ಒಳಗಿನ ತುರ್ತು ಸ್ಮೃತಿ 8 ಎಂಬಿ ಇದ್ದದ್ದು 32 ಎಂಬಿ. ಎರಡಕ್ಕೂ ವಿದ್ಯುತ್ತಿನ ಮಿತಿ ಮಾತ್ರ ಒಂದೇ, 65 ವಾಟ್. ಆದ್ದರಿಂದ ವಿದ್ಯುತ್ ಪೆಟ್ಟಿಗೆಯನ್ನಾಗಲಿ ಮೆಮೊರಿಯನ್ನಾಗಲಿ ಮುಟ್ಟಬೇಕಿಲ್ಲ. ಇದಕ್ಕೆ ಹತ್ತು–ಹನ್ನೆರಡು ಸಾವಿರ ರೂಪಾಯಿ ಸಾಕೆಂದು ನಮ್ಮ ಲೆಕ್ಕ. ಇನ್ನೊಂದು ದಾರಿ ಹಿರಿಯವನು ಹೇಳಿದ್ದು. ಹೊಸ ಪ್ರೊಸೆಸರಿಗೆ ಹೊಸ ಪೀಠ, ಹೊಸ ಪೀಠಕ್ಕೆ ಹೊಸ ಬೋರ್ಡು, ಹೊಸ ಬೋರ್ಡಿಗೆ ಡಿಡಿಆರ್5 ಎಂಬ ಹೊಸ ಮೆಮೊರಿ, ಹೀಗೆ ಬಾಲ ಬೆಳೆಯುತ್ತ ಎಪ್ಪತ್ತು ಸಾವಿರ ಮುಟ್ಟಿತು. ಅದೂ 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಯ ಮಹಾಯಂತ್ರಶಾಲೆಗಳು ಜಗತ್ತಿನ ಮೆಮೊರಿಯನ್ನೆಲ್ಲ ಕೊಂಡುಕೊಳ್ಳಲು ನಿಂತು ಬೆಲೆ ದಿನದಿನಕ್ಕೆ ಏರುತ್ತಿದ್ದ ಕಾಲ. ಅಮೆರಿಕದಲ್ಲಿ ಯಾರೋ ಯಂತ್ರಕ್ಕೆ ಮಾತು ಕಲಿಸಿದರೆ ಕುಂಸಿಯ ಮೇಷ್ಟರ ಜೇಬು ಹಗುರಾಗುತ್ತದೆ.

ಇದ್ದದ್ದರೊಳಗೆ ಒಂದನ್ನು ಬದಲಾಯಿಸುವುದೋ, ಎಲ್ಲವನ್ನೂ ಹೊಸದಾಗಿ ಕಟ್ಟುವುದೋ? ಈ ಪ್ರಶ್ನೆಗೆ ನಮ್ಮ ಜಿಲ್ಲೆಯವರು ಪುಸ್ತಕ ಹುಡುಕಬೇಕಾಗಿಲ್ಲ. ನಮ್ಮ ಊರಿನ ಮುಂದೆ ಹಾದುಹೋಗುವ ಸಾಗರದ ರಸ್ತೆ ಹಿಡಿದು ಹೋದರೆ ಜೋಗ ಸಿಗುತ್ತದೆ. ಅಲ್ಲಿ ಒಂದೇ ನದಿ ಎರಡು ಉತ್ತರಗಳನ್ನೂ ಕೊಟ್ಟಿದೆ. 1948ರಲ್ಲಿ ಆರಂಭವಾದ, ಈಗ ಮಹಾತ್ಮ ಗಾಂಧಿಯವರ ಹೆಸರು ಹೊತ್ತಿರುವ ವಿದ್ಯುದಾಗಾರದಲ್ಲಿ ತಲಾ 12 ಮೆಗಾವಾಟಿನ ನಾಲ್ಕು, ತಲಾ 18 ಮೆಗಾವಾಟಿನ ನಾಲ್ಕು ಯಂತ್ರಗಳಿದ್ದುವು, ಒಟ್ಟು 120. ಮುಂದೆ ಅವುಗಳನ್ನು ನವೀಕರಿಸಿ 13.2 ಮತ್ತು 21.6ಕ್ಕೆ ಏರಿಸಿದರು, ಒಟ್ಟು 139.2 ಆಯಿತು. ಅದೇ ನೀರು, ಅದೇ ಮನೆ. ಹೆಚ್ಚಿದ್ದು ಆರರಲ್ಲೊಂದು ಪಾಲಿಗಿಂತ ಸ್ವಲ್ಪ ಕಡಿಮೆ. ಇದು ಮೊದಲನೆಯ ಉತ್ತರ. ಎರಡನೆಯದು 1964ರ ಲಿಂಗನಮಕ್ಕಿ. ಹೊಸ ಅಣೆಕಟ್ಟು, ಹೊಸ ಶರಾವತಿ ವಿದ್ಯುದಾಗಾರ, 103.5 ಮೆಗಾವಾಟಿನ ಹತ್ತು ಯಂತ್ರ, 1035 ಮೆಗಾವಾಟ್. ಹಳೆಯದರ ಏಳು ಪಾಲಿಗೂ ಹೆಚ್ಚು. ನಾಡಿಗೆ ಅದು ಬೇಕಾಗಿತ್ತು. ಅದಿಲ್ಲದೆ ನಮ್ಮ ಕಾರ್ಖಾನೆಗಳೂ ಇಲ್ಲ, ಬೆಂಗಳೂರಿನ ದೀಪವೂ ಇಲ್ಲ. ಆದರೆ ಅದರ ಬೆಲೆಯೇನು? ಮನೆ, ತೋಟ, ದೇವಸ್ಥಾನ ಬಿಟ್ಟು ಹೊರಟವರು ನಮ್ಮ ಶಿವಮೊಗ್ಗ ತಾಲ್ಲೂಕಿನ ಕಾಡಂಚಿಗೂ ಬಂದು ನೆಲಸಿದರು. ಉಳುವ ನೆಲದ ಹಕ್ಕುಪತ್ರಕ್ಕಾಗಿ ಅವರಲ್ಲಿ ಹಲವರ ಮಕ್ಕಳು, ಮೊಮ್ಮಕ್ಕಳು ಅಲೆದದ್ದನ್ನು ಈ ಜಿಲ್ಲೆ ಬಲ್ಲದು. ಅದಕ್ಕೆ ಹಿಂದಿನ ಹಿರೇಭಾಸ್ಕರ ಅಣೆಕಟ್ಟು ಕೂಡ ಹೊಸದರ ನೀರಿನಲ್ಲಿ ಮುಳುಗಿಹೋಯಿತು. ನೀರು ತೀರ ಇಳಿದ ಬೇಸಿಗೆಯಲ್ಲಿ ಅದರ ಬೆನ್ನು ಇಂದಿಗೂ ಮೇಲೆ ಕಾಣುತ್ತದೆ.

ಊರು ಮುಳುಗುವುದಕ್ಕೂ ಒಂದು ಕಂಪ್ಯೂಟರ್ ಮೂಲೆ ಸೇರುವುದಕ್ಕೂ ಹೋಲಿಕೆಯೆ ಎಂದು ಯಾರಾದರೂ ಸಿಟ್ಟಾದರೆ ನಾನು ಒಪ್ಪುತ್ತೇನೆ. ಹೋಲಿಕೆ ಪ್ರಮಾಣದಲ್ಲಿ ಅಲ್ಲ. ನಾನು ಹೇಳುವುದಿಷ್ಟೆ: ಏಳು ಪಾಲು ಬೇಕಾದವರು ಎಲ್ಲವನ್ನೂ ಹೊಸದಾಗಿ ಕಟ್ಟಲೇಬೇಕು, ಆದರೆ ತಮಗೆ ನಿಜವಾಗಿ ಏಳು ಪಾಲು ಬೇಕೆ, ಆರರಲ್ಲೊಂದು ಪಾಲು ಸಾಕೆ ಎಂದು ಮೊದಲು ಕೇಳಿಕೊಳ್ಳಬೇಕು. ಹೀಗೆ ಕೇಳಿಕೊಳ್ಳುವ ಅಭ್ಯಾಸವನ್ನೇ ಈ ಯಂತ್ರಗಳು ನಮ್ಮಿಂದ ತಪ್ಪಿಸಿಬಿಟ್ಟಿವೆ. 1965ರಲ್ಲಿ ಗಾರ್ಡನ್ ಮೂರ್ ಎಂಬಾತ ಒಂದು ಚಿಪ್ಪಿನಲ್ಲಿ ಹಿಡಿಸುವ ಬಿಡಿಭಾಗಗಳು ವರ್ಷ ವರ್ಷವೂ ಇಮ್ಮಡಿಸುತ್ತಿವೆಯೆಂದು ಬರೆದ. ಹತ್ತು ವರ್ಷದ ಮೇಲೆ ಅದನ್ನು ಎರಡು ವರ್ಷಕ್ಕೊಮ್ಮೆ ಎಂದು ತಿದ್ದಿದ. ಅವನು ಹೇಳಿದ್ದು ಕಾರ್ಖಾನೆಯ ವಿಷಯ. ನಾವು ಅದನ್ನು ನಮ್ಮ ಬಯಕೆಯ ನಿಯಮವೆಂದು ಓದಿಕೊಂಡೆವು. ಅದೇ ಕಾಲದ ಇನ್ನೊಬ್ಬ, ಜೀನ್ ಆಮ್ಡಾಲ್, 1967ರಲ್ಲಿ ಹೇಳಿದ ಮಾತನ್ನು ಮಾತ್ರ ಅಂಗಡಿಯವರು ಯಾರೂ ಹೇಳುವುದಿಲ್ಲ: ಹಂಚಿ ಮಾಡಲಾಗದ ಕೆಲಸ ಎಷ್ಟಿದೆಯೋ ಅಷ್ಟೇ, ಕೈಗಳನ್ನು ಎಷ್ಟು ಹೆಚ್ಚಿಸಿದರೂ, ವೇಗಕ್ಕೆ ಮಿತಿಯಾಗುತ್ತದೆ. ಹನ್ನೆರಡು ಮದ್ದಲೆ ತಂದು ಕೂರಿಸಿದರೂ ಭಾಗವತರ ಒಂದು ಪದ ಬೇಗ ಮುಗಿಯುವುದಿಲ್ಲ. ಆದ್ದರಿಂದ ತಿರುಳುಗಳ ಸಂಖ್ಯೆ ನೋಡಿ ಪ್ರೊಸೆಸರು ಕೊಳ್ಳುವುದು ಪುಟಗಳ ಸಂಖ್ಯೆ ನೋಡಿ ಕಾದಂಬರಿ ಕೊಂಡಂತೆ.

ಇಲ್ಲಿಯವರೆಗೆ ನಾನು ಲೆಕ್ಕದ ಮಾತು ಹೇಳಿದೆ. ಲೆಕ್ಕದೊಳಗೆ ಬಾರದ ಒಂದು ಸಂಗತಿಯಿದೆ. ಅದನ್ನು ಮುಚ್ಚಿಟ್ಟರೆ ಈ ಲೇಖನ ಪ್ರಾಮಾಣಿಕವಾಗುವುದಿಲ್ಲ.

ನನಗೆ ಈ ಆಟಗಳ ಮೇಲೆ ಒಲವಿರಲಿಲ್ಲ. ಹುಡುಗರ ಕಾಲವನ್ನು ತಿನ್ನುವ ಗೆದ್ದಲು ಎಂದೇ ತರಗತಿಯಲ್ಲಿ ಹೇಳುತ್ತಿದ್ದೆ. ಆದರೆ ಶನಿವಾರದ ರಾತ್ರಿ ಅಣ್ಣ ಬೆಂಗಳೂರಿನಲ್ಲಿ, ತಮ್ಮ ಕುಂಸಿಯಲ್ಲಿ ಕೂತು, ಅಣ್ಣನ ಗೆಳೆಯರನ್ನೂ ಸೇರಿಸಿಕೊಂಡು ಈ ಯುದ್ಧ ಆಡುತ್ತಿದ್ದರು. ಕಿವಿಗೆ ಮಾತಿನ ಯಂತ್ರ ಹಾಕಿಕೊಂಡು ಆಡುವಾಗ ತಮ್ಮನ ಮಾತು ಜಗಲಿಯಲ್ಲಿದ್ದ ನನಗೆ ಕೇಳುತ್ತಿತ್ತು. ಕೋಟೆ, ಕುದುರೆ, ಕಲ್ಲುಗಣಿಗಳ ನಡುವೆ ಬೇರೆ ಮಾತೂ ಬರುತ್ತಿತ್ತು. “ಹೌದಾ? ಯಾವಾಗ ಹೇಳಿದರು? ಅಪ್ಪನಿಗೆ ಹೇಳಿದೆಯಾ?” ಎಂದು ಒಂದು ರಾತ್ರಿ ತಮ್ಮ ಕೇಳುತ್ತಿದ್ದ. ಅಣ್ಣನ ಕಚೇರಿಯಲ್ಲಿ ಜನರನ್ನು ಕಡಿಮೆ ಮಾಡುತ್ತಿದ್ದಾರೆಂದು ನನಗೆ ತಿಳಿದದ್ದು ಹಾಗೆ. ನನ್ನೊಡನೆ ಫೋನಿನಲ್ಲಿ ಅವನು ಆಡುವ ಮಾತು ಮೂರೇ: ಊಟವಾಯಿತು, ಚೆನ್ನಾಗಿದ್ದೇನೆ, ಅಮ್ಮನಿಗೆ ಕೊಡಿ. ನೌಕರಿ ಉಳಿಯಿತು. ಆದರೆ ಆ ಮೂರು ವಾರ ಅವನ ಭಯವನ್ನು ಹಂಚಿಕೊಂಡವನು ಹದಿನೇಳರ ತಮ್ಮ. ಹಂಚಿಕೊಂಡ ಜಾಗ ಈ ಗೆದ್ದಲು ಹುಳುವಿನ ಹುತ್ತ.

ಈ ಆಟದ ರಚನೆಯಲ್ಲಿ ಒಂದು ವಿಶೇಷವಿದೆ. ಎಂಟು ಜನರ ಯಂತ್ರಗಳೂ ಇಡೀ ಯುದ್ಧವನ್ನು ತಮ್ಮ ತಮ್ಮಲ್ಲೇ ಪೂರ್ತಿಯಾಗಿ ಲೆಕ್ಕ ಹಾಕುತ್ತವೆ. ಒಬ್ಬರಿಂದೊಬ್ಬರಿಗೆ ಹೋಗುವುದು ಆಜ್ಞೆ ಮಾತ್ರ. ಎಲ್ಲರ ಲೆಕ್ಕವೂ ಒಂದೇ ಹೆಜ್ಜೆಯಲ್ಲಿ ನಡೆಯಬೇಕು. ಆದ್ದರಿಂದ ಗುಂಪಿನಲ್ಲಿ ಅತ್ಯಂತ ನಿಧಾನವಾದ ಯಂತ್ರ ಯಾವುದೋ ಅದರ ವೇಗವೇ ಎಲ್ಲರ ವೇಗ. ನಮ್ಮ ಮನೆಯ ಪ್ರೊಸೆಸರು ಏದುಸಿರು ಬಿಟ್ಟರೆ ಬೆಂಗಳೂರಿನ ಏಳು ಜನರ ಕುದುರೆಗಳೂ ನಡುಬೀದಿಯಲ್ಲಿ ನಿಲ್ಲುತ್ತಿದ್ದುವು. ಗೆಳೆಯರು ಮೊದಲು ನಕ್ಕರು, ಆಮೇಲೆ ಗೊಣಗಿದರು. ಕೊನೆಗೆ ಯಾರೂ ಏನೂ ಹೇಳದೆ ನಮ್ಮ ಹುಡುಗನೇ ಹಿಂದೆ ಸರಿದ. ಕೆಲವು ತಿಂಗಳು ನಮ್ಮ ಮನೆಯ ಶನಿವಾರಗಳು ಮೌನವಾಗಿದ್ದುವು. ಆ ಮೌನ ಪರೀಕ್ಷೆಯ ಓದಿಗೆ ಒದಗಿತೆಂದು ಅವರಮ್ಮ ಸಮಾಧಾನಪಟ್ಟಳು. ನನಗೆ ಸಮಾಧಾನವಾಗಲಿಲ್ಲ. ದೀಪಾವಳಿಯ ದಿನ ಹಿರಿಯವನು ಎಪ್ಪತ್ತು ಸಾವಿರ ಕೊಡಲು ಮುಂದಾದದ್ದೂ ಇದಕ್ಕೇ ಎಂಬುದು ನನಗೆ ತಡವಾಗಿ ಹೊಳೆಯಿತು.

ಹಾಗಾದರೆ ನಮಗೆ ಬೇಕಾಗಿದ್ದದ್ದು ವೇಗವಲ್ಲ. ಜೊತೆಯಲ್ಲಿ ನಡೆಯುವಷ್ಟು ಕಾಲ ಬಲ. ಈ ಅಗತ್ಯಕ್ಕೆ ಸರಿಯಾದ ಹೆಸರು ಸಿಕ್ಕಿದ ಮೇಲೆ ತೀರ್ಮಾನ ಕಷ್ಟವಾಗಲಿಲ್ಲ. ಎಲ್ಲರಿಗಿಂತ ಮುಂದೆ ಓಡಬೇಕಾದವನಿಗೆ ಹೊಸ ಯಂತ್ರ ಬೇಕು. ಎಲ್ಲರ ಜೊತೆ ನಡೆಯಬೇಕಾದವನಿಗೆ ಹನ್ನೆರಡು ಸಾವಿರದ ಪ್ರೊಸೆಸರು ಸಾಕು. ಇನ್ನೊಂದು ಕಾರಣವೂ ಕೂಡಿಬಂತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಉಚಿತವಾಗಿ ದೊರೆಯುತ್ತಿದ್ದ ಸಾಮಾನ್ಯ ರಕ್ಷಣೆ ಮುಗಿದಿತ್ತು. ಅದರ ಮುಂದಿನ ವಿಂಡೋಸ್ 11 ನಮ್ಮ ಹಳೆಯ ಪ್ರೊಸೆಸರನ್ನು ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿಲ್ಲ, ಹೊಸದನ್ನು ಸೇರಿಸಿಕೊಂಡಿದೆ. ಹುಡುಗನ ಓದಿನ ಕಡತಗಳೆಲ್ಲ ಅದರಲ್ಲೇ ಇರುವುದರಿಂದ ಅವರಮ್ಮನೂ ಈ ವಾದಕ್ಕೆ ಮಣಿದಳು. ಶನಿವಾರ ಬಿಟ್ಟು ಬೇರೆ ದಿನ ಆಟವಿಲ್ಲ ಎಂಬ ಷರತ್ತಿನ ಮೇಲೆ.

ಪ್ರೊಸೆಸರು ಬಂದ ದಿನ ಹಿರಿಯವನೂ ಬಂದಿದ್ದ. ಹೊಸದನ್ನು ಕೂರಿಸುವ ಮೊದಲು, ಹಳೆಯದು ಇರುವಾಗಲೇ, ಬೋರ್ಡಿನ ಬಯಾಸನ್ನು ನವೀಕರಿಸಿಕೊಳ್ಳಬೇಕು. ಇಲ್ಲದಿದ್ದರೆ ಬೋರ್ಡು ಹೊಸಬನ ಗುರುತು ಹಿಡಿಯುವುದಿಲ್ಲ. ಆ ಐದು ನಿಮಿಷದಲ್ಲಿ ವಿದ್ಯುತ್ತು ಹೋದರೆ ಬೋರ್ಡಿನ ಕತೆ ಮುಗಿದಂತೆ. ಜೋಗದ ದಾರಿಯಲ್ಲಿದ್ದೂ ಕರೆಂಟಿಗೆ ಹೆದರುವುದು ಮಲೆನಾಡಿನವರ ಹಣೆಬರಹ. ನೆರೆಮನೆಯಿಂದ ಯುಪಿಎಸ್ ತಂದು ಜೋಡಿಸಿ, ನಾವು ನಾಲ್ವರೂ ಉಸಿರು ಬಿಗಿಹಿಡಿದು ಕೂತೆವು. ವಿದ್ಯುತ್ತು ಹೋಗಲಿಲ್ಲ. ಆಮೇಲೆ ಯಂತ್ರವನ್ನು ಸ್ವಲ್ಪ ಹೊತ್ತು ಓಡಿಸಿ ಲೇಪ ಮೆತ್ತಗಾದ ಮೇಲೆ, ಆರಿಸಿ, ಫ್ಯಾನಿನ ಲೋಹವನ್ನು ಎಳೆಯದೆ ಮೆಲ್ಲನೆ ತಿರುಗಿಸಿ ತೆಗೆದ. ಎಳೆದರೆ ಪ್ರೊಸೆಸರೇ ಅಂಟಿಕೊಂಡು ಎದ್ದುಬಂದು, ಅದರ ಅಡಿಯಲ್ಲಿರುವ 1331 ಸೂಜಿಕಾಲುಗಳಲ್ಲಿ ಯಾವುದಾದರೂ ಬಗ್ಗೀತು. ಅಣ್ಣ ಹೇಳಿದ, ತಮ್ಮ ಮಾಡಿದ. ಎಂಟು ವರ್ಷ ದುಡಿದ ಹಳೆಯ ಪ್ರೊಸೆಸರು ನನ್ನ ಅಂಗೈಗೆ ಬಂತು. ಒಂದು ಬಿಸ್ಕತ್ತಿಗಿಂತ ಚಿಕ್ಕದು. ಅದನ್ನು ಹೊಸದರ ಪೆಟ್ಟಿಗೆಯಲ್ಲಿ ಹಾಕಿ ತಾತನ ಅಡಕತ್ತರಿಯ ಪಕ್ಕ ಇಟ್ಟಿದ್ದೇನೆ.

ಇಂಥ ತೀರ್ಮಾನದ ಮುಂದೆ ನಿಂತಿರುವ ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ನನ್ನ ಅಭಿಪ್ರಾಯ ಇಷ್ಟು. ಮೊದಲು ಒರೆಸಿರಿ, ಆಮೇಲೆ ಅಳೆಯಿರಿ, ಆಮೇಲೆ ಕೊಳ್ಳಿರಿ. ಒಂದೇ ಭಾಗ ಬದಲಾಯಿಸಿ ಕೆಲಸ ನಡೆಯುವುದಾದರೆ ಇಡೀ ಯಂತ್ರವನ್ನು ಮೂಲೆಗೆ ತಳ್ಳಬೇಡಿ. ಅದಕ್ಕೆ ಹೊಸ ಪ್ರೊಸೆಸರು ಕೂರುವ ಪೀಠವೇ ಇಲ್ಲವಾದರೆ, ಗ್ರಾಫಿಕ್ಸ್ ಕಾರ್ಡೂ ಸೋತಿದ್ದರೆ, ತೇಪೆ ಹಚ್ಚುತ್ತ ಕೂರುವುದೂ ಜಿಪುಣತನವೇ ಹೊರತು ವಿವೇಕವಲ್ಲ. ತಂದೆತಾಯಿಗಳಿಗೆ ಇನ್ನೊಂದು ಮಾತು: ಹುಡುಗ ವೇಗ ಬೇಕೆಂದು ಕೇಳಿದಾಗ, ಅದರ ಹಿಂದೆ ಅವನು ಕಳೆದುಕೊಳ್ಳುತ್ತಿರುವುದು ಏನು ಎಂದು ಒಮ್ಮೆ ವಿಚಾರಿಸಿ ನೋಡಿ. ಕೊಡುವುದೋ ಬಿಡುವುದೋ ಆಮೇಲಿನ ಮಾತು.

ಈಗ ಅದೇ ಯುದ್ಧದ ಬಿಸಿಯಲ್ಲಿ ಸೆಕೆಂಡಿಗೆ ಅರವತ್ತು ಚಿತ್ರ ಬರುತ್ತವೆಯಂತೆ. ನನ್ನ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಕಿವಿಗೆ ತಿಳಿಯುತ್ತದೆ. ಶನಿವಾರ ರಾತ್ರಿ ಹತ್ತರ ಮೇಲೆ ಒಳಗಿನಿಂದ ನಗು ಕೇಳುತ್ತದೆ. ನಾನು ಜಗಲಿಯ ದೀಪ ಆರಿಸದೆ ಪುಸ್ತಕ ಹಿಡಿದು ಕೂತಿರುತ್ತೇನೆ.